ಬ್ರಷ್‌ಲೆಸ್ ಮೋಟಾರ್ ಆಮೇಲೆ, ಮೊದಲು ಬ್ಯಾಟರಿಗೆ ಗಟ್ಟಿ ಜಾಗ ಮಾಡಿ

ನೀವು ಕೇಳಿದ್ದು ಇಷ್ಟು: 1:10 ಅಳತೆಯ ಎಲೆಕ್ಟ್ರಿಕ್ ಆರ್‌ಸಿ (ರಿಮೋಟಿನಿಂದ ಓಡಿಸುವ) ಟ್ರಕ್ ಇದೆ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್. ಅದರಲ್ಲಿರುವುದು 550 ಸೈಜಿನ ಬ್ರಷ್ಡ್ ಮೋಟಾರ್, ಏಳು ಸೆಲ್ಲಿನ ನಿಕಲ್ ಬ್ಯಾಟರಿ. ಬ್ರಷ್‌ಲೆಸ್ ಮೋಟಾರ್ ಮತ್ತು 3ಎಸ್ ಲಿಪೊ, ಅಂದರೆ ಮೂರು ಸೆಲ್ ಸಾಲಾಗಿ ಜೋಡಿಸಿದ ಲಿಥಿಯಂ ಪಾಲಿಮರ್ ಬ್ಯಾಟರಿ, ಹಾಕಬೇಕು ಅಂತ ಆಸೆ. ಹೊಸ ಬ್ಯಾಟರಿ ಹಳೇ ಟ್ರೇನಲ್ಲಿ ಕೂರುತ್ತಿಲ್ಲ, ಡಬಲ್ ಟೇಪ್ ಹಾಕಿದರೆ ಸಾಕಾ? ಈಗ ವಾಕಡ್‌ನಲ್ಲಿದ್ದೀರಿ, ಸಾಮಾನು ಪುಣೆಯಲ್ಲೇ ಸಿಗುತ್ತದಾ?

ಟೇಪ್ ಸಾಕಾಗುವುದಿಲ್ಲ. ಸಾಮಾನು ಸಿಗುತ್ತದೆ. ಆದರೆ ನಿಮ್ಮ ಕೆಲಸದ ಕ್ರಮ ಬದಲಿಸಿ ಅನ್ನುವುದು ನನ್ನ ಮುಖ್ಯ ಮಾತು. ಮೊದಲು ಬ್ಯಾಟರಿ ಕೂರುವ ಜಾಗ ಗಟ್ಟಿ ಮಾಡಿ, ಆಮೇಲೆ ಮೋಟಾರಿಗೆ ಕೈ ಹಾಕಿ. ನಾನು ಭೋಸರಿಯಲ್ಲಿ ಟೂಲ್‌ರೂಮಿನಲ್ಲಿ ಕೆಲಸ ಮಾಡುವವನು. ಭಾನುವಾರ ಮೋಶಿ ಕಡೆಯ ಗರಸಿನ ಬಯಲಿನಲ್ಲಿ ಗೆಳೆಯರ ಜೊತೆ ಟ್ರಕ್ ಓಡಿಸುತ್ತೇನೆ. ಅಲ್ಲಿ ನೋಡಿದ್ದನ್ನೇ ಹೇಳುತ್ತೇನೆ.

ಮೊದಲು ವೇಗದ ಲೆಕ್ಕ ಮಾಡಿಬಿಡೋಣ. ಮೋಟಾರಿನ ಮೇಲೆ ಬರೆದಿರುವ ಕೆವಿ ಅಂದರೆ ಭಾರ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. 3300 ಕೆವಿ ಮೋಟಾರಿಗೆ 2ಎಸ್ (ಎರಡು ಸೆಲ್ಲಿನ) ಲಿಪೊ, ಅಂದರೆ 7.4 ವೋಲ್ಟ್ ಕೊಟ್ಟರೆ ಸುಮಾರು 24,400 ಸುತ್ತು. ಮೋಟಾರ್ ಶಾಫ್ಟಿನ ಸಣ್ಣ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಸ್ಪರ್. ಸ್ಪರ್ ಗೇರಿಗೆ 86 ಹಲ್ಲು, ಪಿನಿಯನ್ನಿಗೆ 20 ಹಲ್ಲು, ಗೇರ್‌ಬಾಕ್ಸ್ ಒಳಗಿನ ಅನುಪಾತ 2.72 ಅಂತ ಇಟ್ಟುಕೊಳ್ಳಿ. ಒಟ್ಟು ಅನುಪಾತ 11.7 ಆಗುತ್ತದೆ. ಚಕ್ರ ನಿಮಿಷಕ್ಕೆ 2,090 ಸುತ್ತು ಹೊಡೆಯುತ್ತದೆ. ಟೈರು 11 ಸೆಂಮೀ ಎತ್ತರ ಇದ್ದರೆ ಗಂಟೆಗೆ 43 ಕಿಮೀ. ಬೇರೇನೂ ಬದಲಿಸದೆ 3ಎಸ್ ಹಾಕಿ, ಅದೇ ಗಾಡಿ ಲೆಕ್ಕದಲ್ಲಿ 65 ಕಿಮೀಗೆ ಹೋಗುತ್ತದೆ. ನೆಲದ ಮೇಲೆ ಇದಕ್ಕಿಂತ ಕಡಿಮೆಯೇ ಬರುತ್ತದೆ, ಆದರೂ ಅಂದಾಜಿಗೆ ಈ ಲೆಕ್ಕ ಸಾಕು.

ಈಗ ಬ್ಯಾಟರಿ ಕಡೆ ನೋಡಿ. 2ಎಸ್ 5000 ಎಂಎಎಚ್ ಪ್ಯಾಕ್ ಸುಮಾರು 280 ಗ್ರಾಂ, 3ಎಸ್ ಸುಮಾರು 380 ಗ್ರಾಂ. ಗಾಡಿ 43 ಕಿಮೀ ವೇಗದಲ್ಲಿ ಹೋಗಿ ಕಲ್ಲಿಗೆ ಹೊಡೆದರೆ ಗಾಡಿ ನಿಲ್ಲುತ್ತದೆ, ಬ್ಯಾಟರಿ ನಿಲ್ಲುವುದಿಲ್ಲ. ಆಗ 2ಎಸ್ ಪ್ಯಾಕಿನಲ್ಲಿರುವ ಹೊಡೆತ ಎರಡು ಕಿಲೋ ಕಲ್ಲನ್ನು ಒಂದು ಮೀಟರ್ ಮೇಲಿಂದ ಬಿಟ್ಟಷ್ಟು. 3ಎಸ್ ಪ್ಯಾಕ್, 65 ಕಿಮೀ ವೇಗ ಅಂದರೆ ಅದು ಆರು ಕಿಲೋ ದಾಟುತ್ತದೆ. ಇದನ್ನು ಡಬಲ್ ಟೇಪ್ ಹೇಗೆ ತಡೆಯುತ್ತದೆ ಹೇಳಿ? ನಮ್ಮ ಜೊತೆ ಓಡಿಸುವ ಅಥಣಿ ಕಡೆಯ ಹುಡುಗನ ಗಾಡಿ ಒಮ್ಮೆ ಕಟ್ಟೆಗೆ ಹೊಡೆದು, ಪ್ಯಾಕ್ ಮುಂದಕ್ಕೆ ಜಾರಿ, ಮುಂದಿನ ಶಾಕ್ ಟವರಿನ (ಶಾಕ್ ಅಬ್ಸಾರ್ಬರ್ ಹಿಡಿಯುವ ಭಾಗದ) ಸ್ಕ್ರೂ ತುದಿಗೆ ತಗುಲಿತ್ತು. ಹಾರ್ಡ್‌ಕೇಸ್ (ಗಟ್ಟಿ ಪ್ಲಾಸ್ಟಿಕ್ ಕವಚ) ಇದ್ದದ್ದಕ್ಕೆ ಮೂಲೆ ಮಾತ್ರ ಸೀಳಿತು. ಮೆತ್ತನೆಯ ಪ್ಯಾಕ್ ಆಗಿದ್ದರೆ ಸೆಲ್ಲಿಗೇ ತೂತು. ಲಿಪೊ ಸೆಲ್ಲಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು, ಮತ್ತೆ ಆರಿಸುವುದು ಸುಲಭ ಅಲ್ಲ. ಅದಕ್ಕೇ ನಾನು ಈ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದು.

ಬೆಲ್ಟು ಬ್ಯಾಟರಿಯನ್ನು ಮೇಲಕ್ಕೆ ಹಾರದಂತೆ ಹಿಡಿಯುತ್ತದೆ. ಮುಂದಕ್ಕೆ ಹಿಂದಕ್ಕೆ ಜಾರುವುದನ್ನು ತಡೆಯಲು ಗಟ್ಟಿ ತಡೆ ಬೇಕು. ಈ ಎರಡು ಕೆಲಸ ಬೇರೆ ಬೇರೆ ಅಂತ ತಿಳಿದುಕೊಂಡರೆ ಅರ್ಧ ಮೌಂಟ್ ಮಾಡಿದಂತೆಯೇ.

ಹಳೇ ಟ್ರೇ ಯಾಕೆ ಆಗುವುದಿಲ್ಲ ಅಂದರೆ, ನಿಕಲ್ ಪ್ಯಾಕಿನ ಸೆಲ್ಲುಗಳು ದುಂಡಗಿರುತ್ತವೆ, ಏಳನೆಯದು ಮೇಲೆ ಗೂನಿನ ಹಾಗೆ ಕೂತಿರುತ್ತದೆ. ಟ್ರೇ ಅದೇ ಆಕಾರಕ್ಕೆ ಮಾಡಿದ್ದು. ಲಿಪೊ ಹಾರ್ಡ್‌ಕೇಸ್ ಚೌಕ. 2ಎಸ್ ಅಳತೆ ಸಾಮಾನ್ಯವಾಗಿ 139 ಮಿಮೀ ಉದ್ದ, 47 ಅಗಲ, 25 ಎತ್ತರ. 3ಎಸ್ ಇನ್ನೂ ಎತ್ತರ ಇರುತ್ತದೆ. ಟ್ರೇನ ಗೋಡೆ ಕತ್ತರಿಸಿ ಜಾಗ ಮಾಡುವವರಿದ್ದಾರೆ. ನನಗೆ ಅದು ಇಷ್ಟ ಇಲ್ಲ. ಆ ಗೋಡೆಯೇ ಎಷ್ಟೋ ಗಾಡಿಗಳಲ್ಲಿ ಚಾಸಿ ಬಾಗದಂತೆ ಹಿಡಿದಿರುತ್ತದೆ.

ನಾನು ಮಾಡುವ ಮೌಂಟ್ ಹೀಗಿದೆ. ಕೆಳಗೆ 2 ಮಿಮೀ ಗ್ಲಾಸ್ ಎಪಾಕ್ಸಿ ಶೀಟ್, ಇಲ್ಲವೆಂದರೆ 3 ಮಿಮೀ ಅಲ್ಯೂಮಿನಿಯಂ ತುಂಡು. ಗ್ಲಾಸ್ ಎಪಾಕ್ಸಿ ಕೊಯ್ಯುವಾಗ ಮಾಸ್ಕ್ ಹಾಕಿ, ಶೀಟನ್ನು ಒದ್ದೆ ಮಾಡಿಕೊಂಡು ಕೊಯ್ಯಿರಿ, ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಅಲ್ಯೂಮಿನಿಯಂ ಆದರೆ ಎಲ್ಲ ಅಂಚಿಗೂ ಅರ ಉಜ್ಜಿ, ಬೆರಳು ಆಡಿಸಿದರೆ ಎಲ್ಲೂ ಚುಚ್ಚಬಾರದು. ಕಾರ್ಬನ್ ಶೀಟ್ ನೋಡಲು ಚೆಂದ, ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಬ್ಯಾಟರಿ ಟರ್ಮಿನಲ್ ಪಕ್ಕ ಬರಿ ಅಂಚು ಬಿಡಬೇಡಿ.

ಮುಂದೆ ಹಿಂದೆ ತಡೆಗೆ ಅಡುಗೆಮನೆಯ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್ ತುಂಡು. ಬಿಳಿ ಎಚ್‌ಡಿಪಿಇ ಬೋರ್ಡ್ ಇದೆಯಲ್ಲ, ಅದೇ. ಹೊಡೆತಕ್ಕೆ ಬಿರಿಯುವುದಿಲ್ಲ, ಹ್ಯಾಕ್ಸಾದಲ್ಲಿ ಸಲೀಸಾಗಿ ಕೊಯ್ಯಬಹುದು, ಸೆಲ್ಲನ್ನು ಗೀರುವುದಿಲ್ಲ. ಅದಕ್ಕೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಆದ್ದರಿಂದ ಆರಪಾರ ಎಂ3 ಬೋಲ್ಟ್ ಹಾಕಿ ನೈಲಾಕ್ (ತಾನಾಗಿ ಸಡಿಲವಾಗದ) ನಟ್ಟಿನಿಂದ ಬಿಗಿಯಿರಿ. ಬೋಲ್ಟಿನ ತಲೆ ಬ್ಯಾಟರಿ ಕಡೆ ಇರಲೇಬಾರದು. ಎರಡು ತಡೆಗಳ ನಡುವೆ 143 ಮಿಮೀ ಬಿಡಿ, ಎರಡೂ ತುದಿಗೆ 3 ಮಿಮೀ ಫೋಮ್ ಹಾಕಿ. ಪ್ಯಾಕ್ ಸ್ವಲ್ಪ ಒತ್ತಿ ಕೂರಬೇಕು, ಕೈಯಲ್ಲಿ ಅಲ್ಲಾಡಿಸಿದರೆ ಕಟಕಟ ಅನ್ನಬಾರದು. ವೈರ್ ಹೊರಬರುವ ತುದಿಯಲ್ಲಿ ತಡೆಯನ್ನು ನಡುವೆ ಬಿಟ್ಟು ಎರಡು ತುಂಡು ಮಾಡಿ, ವೈರ್ ನಡುವಿನಿಂದ ಬರಲಿ. ಆ ವೈರ್ ಮಡಚಿ ಒತ್ತಿಕೊಂಡಿದ್ದರೆ ಬುಡದಲ್ಲೇ ತುಂಡಾಗುತ್ತದೆ.

ಮೇಲಿಂದ ಹಿಡಿಯಲು 20 ಮಿಮೀ ಅಗಲದ ಎರಡು ವೆಲ್ಕ್ರೊ ಬೆಲ್ಟು. ಬೆಲ್ಟು ಪ್ಲೇಟಿನ ಕೆಳಗೆ, ಚಾಸಿಯ ಮೇಲೆ ಹಾಯಬೇಕು. ಚಾಸಿಯ ತಳದಿಂದ ಸುತ್ತಿದರೆ ಗರಸಿಗೆ ಉಜ್ಜಿ ಬೇಗ ಹರಿಯುತ್ತದೆ. ಜಿಪ್ ಟೈ ಗಟ್ಟಿ, ಆದರೆ ಬ್ಯಾಟರಿಗೆ ನಾನು ಹಾಕುವುದಿಲ್ಲ. ಹೊಗೆ ಕಾಣಿಸಿದರೆ ಆ ಕ್ಷಣಕ್ಕೆ ಪ್ಯಾಕ್ ಕಳಚಿ ಎಸೆಯಲು ಬರಬೇಕು, ಕತ್ತರಿ ಹುಡುಕುತ್ತಾ ಕೂರಲಾಗದು.

ಪ್ಲೇಟನ್ನು ಚಾಸಿಗೆ ಹಚ್ಚುವ ತೂತುಗಳನ್ನು ದುಂಡಗೆ ಮಾಡದೆ 20 ಮಿಮೀ ಉದ್ದದ ಸೀಳಾಗಿ (ಸ್ಲಾಟ್) ಕೊರೆಯಿರಿ. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ನೋಡಬಹುದು. ನಿಮ್ಮಂಥ ಗಾಡಿಯಲ್ಲಿ ಮೋಟಾರ್ ಹಿಂದೆ ಇರುತ್ತದೆ. ಬ್ರಷ್‌ಲೆಸ್ ಹಾಕಿ ಥ್ರಾಟಲ್ ಒತ್ತಿದರೆ ಮುಂದಿನ ಚಕ್ರ ಎತ್ತಿಕೊಳ್ಳುತ್ತದೆ, ಸ್ಟೀರಿಂಗ್ ಹಿಡಿತ ಹೋಗುತ್ತದೆ. ಬ್ಯಾಟರಿ ಮುಂದೆ ಸರಿಸಿದರೆ ಇದು ಕಡಿಮೆಯಾಗುತ್ತದೆ. ಎಷ್ಟು ಅಂತ ಲೆಕ್ಕ ಹಾಕಬಹುದು: 280 ಗ್ರಾಂ ಪ್ಯಾಕನ್ನು 2 ಸೆಂಮೀ ಮುಂದೆ ಸರಿಸಿದರೆ, ಚಕ್ರಗಳ ನಡುವೆ 33 ಸೆಂಮೀ ಇರುವ ಗಾಡಿಯಲ್ಲಿ 17 ಗ್ರಾಂ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಕಡಿಮೆ ಅನಿಸುತ್ತದೆ ಅಲ್ವಾ? ತಿರುವಿನಲ್ಲಿ ಕೈಗೆ ಗೊತ್ತಾಗುತ್ತದೆ. ತೀರಾ ಮುಂದೆ ತಂದರೆ ಸಡಿಲ ಗರಸಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ. ಅಡುಗೆಮನೆಯ ತಕ್ಕಡಿ ಮೇಲೆ ಮುಂದಿನ ಚಕ್ರ ಇಟ್ಟು, ಹಿಂದಿನ ಚಕ್ರದ ಕೆಳಗೆ ಅಷ್ಟೇ ಎತ್ತರದ ಪುಸ್ತಕ ಇಟ್ಟು ತೂಗಿ. ಎಡ ಬಲ ಕೂಡ ಹೀಗೇ ನೋಡಿ. ಪ್ಯಾಕ್ ಒಂದು ಪಕ್ಕಕ್ಕೆ ಇದ್ದರೆ ಇಎಸ್‌ಸಿಯನ್ನು, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆಯನ್ನು, ಇನ್ನೊಂದು ಪಕ್ಕಕ್ಕೆ ಹಾಕಿ ಸರಿದೂಗಿಸಿ.

ಇನ್ನು ಮೋಟಾರ್. 3650 ಅಂತ ಬರೆದಿರುವುದು 36 ಮಿಮೀ ದಪ್ಪ, 50 ಮಿಮೀ ಉದ್ದ. ನಿಮ್ಮ 550 ಕೂಡ ಅದೇ ದಪ್ಪದ್ದು, ಸ್ಕ್ರೂ ತೂತುಗಳ ನಡುವಿನ ದೂರ ಎರಡಕ್ಕೂ 25 ಮಿಮೀ. ಹಾಗಾಗಿ ಹಳೇ ಮೋಟಾರ್ ಪ್ಲೇಟಿಗೆ ಸಾಮಾನ್ಯವಾಗಿ ನೇರ ಕೂರುತ್ತದೆ. ಶಾಫ್ಟ್ ದಪ್ಪ ಮಾತ್ರ ನೋಡಿ ಪಿನಿಯನ್ ತಗೊಳ್ಳಿ, 3.17 ಮಿಮೀ ಮತ್ತು 5 ಮಿಮೀ ಎರಡೂ ಇವೆ. ಹಳೇ ಇಎಸ್‌ಸಿ ಕೆಲಸಕ್ಕೆ ಬರುವುದಿಲ್ಲ. ಬ್ರಷ್ಡ್‌ಗೆ ಎರಡು ವೈರ್, ಬ್ರಷ್‌ಲೆಸ್‌ಗೆ ಮೂರು, ಒಳಗಿನ ಕೆಲಸವೇ ಬೇರೆ.

ಸ್ಕ್ರೂ ಉದ್ದ ಇಲ್ಲಿ ಬಹಳ ಮುಖ್ಯ. ಮೋಟಾರಿನ ಮುಂಭಾಗದ ತೂತಿನ ಹಿಂದೆಯೇ ತಾಮ್ರದ ಸುತ್ತು ಇರುತ್ತದೆ. ಉದ್ದ ಸ್ಕ್ರೂ ಹೋಗಿ ಅದರ ವಾರ್ನಿಷ್ ಕೆರೆದರೆ ಮೋಟಾರ್ ಶಾರ್ಟ್ ಆಗುತ್ತದೆ, ಜೊತೆಗೆ ಇಎಸ್‌ಸಿಯೂ ಹೋಗುತ್ತದೆ. ಬೆಂಕಿಕಡ್ಡಿ ತೂರಿಸಿ ತೂತಿನ ಆಳ ನೋಡಿ, ಪ್ಲೇಟಿನ ದಪ್ಪ ಕೂಡಿಸಿ, ಅದಕ್ಕಿಂತ 1 ಮಿಮೀ ಕಡಿಮೆ ಸ್ಕ್ರೂ ಹಾಕಿ. ಲೋಹಕ್ಕೆ ಲೋಹ ಇರುವ ಕಡೆ ನೀಲಿ ಥ್ರೆಡ್‌ಲಾಕ್ ಒಂದು ಹನಿ. ಪ್ಲಾಸ್ಟಿಕ್ ಮೇಲೆ ಅದು ಬೀಳದಿರಲಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರಿಯುತ್ತವೆ.

ಪಿನಿಯನ್ ಮತ್ತು ಸ್ಪರ್ ನಡುವೆ ಒಂದು ನೋಟ್‌ಬುಕ್ ಹಾಳೆಯ ಪಟ್ಟಿ ತೂರಿಸಿ, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಆಮೇಲೆ ಚಕ್ರ ತಿರುಗಿಸಿ ಹಾಳೆ ಹೊರಗೆ ತೆಗೆಯಿರಿ. ಹಾಳೆ ಮೇಲೆ ಹಲ್ಲಿನ ಮಡಿಕೆ ಸ್ಪಷ್ಟ ಇರಬೇಕು, ಹರಿದಿರಬಾರದು. ಸ್ಪರ್ ಪೂರ್ತಿ ದುಂಡಗಿರುವುದು ಅಪರೂಪ, ಅದಕ್ಕೆ ನಾಲ್ಕು ಕಡೆ ತಿರುಗಿಸಿ ನೋಡಿ, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಕೂದಲೆಳೆಯಷ್ಟು ಸಡಿಲ ಉಳಿಯಲಿ. ಎರಡೂ ಗೇರಿನ ಪಿಚ್, ಅಂದರೆ ಹಲ್ಲಿನ ಅಳತೆ, ಒಂದೇ ಇರಬೇಕು. 48 ಪಿಚ್ ಸ್ಪರ್‌ಗೆ 32 ಪಿಚ್ ಪಿನಿಯನ್ ಹಾಕಿದರೆ ಒಂದು ಸುತ್ತಿಗೇ ಹಲ್ಲು ಹೋಗುತ್ತವೆ.

3ಎಸ್ ಬೇಕೇ ಬೇಕು ಅಂದರೆ ಪಿನಿಯನ್ ಸಣ್ಣದು ಮಾಡಿ. ಮೇಲಿನ ಲೆಕ್ಕದಲ್ಲಿ 20ರ ಬದಲು 13 ಹಲ್ಲು ಹಾಕಿದರೆ 3ಎಸ್‌ನಲ್ಲೂ ವೇಗ 42 ಕಿಮೀ ಹತ್ತಿರವೇ ಇರುತ್ತದೆ, ಮೋಟಾರ್ ಎಳೆಯುವ ಕರೆಂಟ್ ಇಳಿಯುತ್ತದೆ. ಪುಣೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ಬರುತ್ತದೆ, ಅದಕ್ಕೆ ಆ ಎರಡು ತಿಂಗಳು ಒಂದೆರಡು ಹಲ್ಲು ಇನ್ನೂ ಕಡಿಮೆ ಇರಲಿ. ಐದು ನಿಮಿಷ ಓಡಿಸಿ ನಿಲ್ಲಿಸಿ ಮೋಟಾರ್ ಶಾಖ ನೋಡಿ. 80 ಡಿಗ್ರಿ ದಾಟಿದರೆ ಪಿನಿಯನ್ ದೊಡ್ಡದಾಯಿತು ಅಂತ ಅರ್ಥ. ಹೆಚ್ಚು ಶಾಖಕ್ಕೆ ಒಳಗಿನ ಆಯಸ್ಕಾಂತದ ಬಲ ಕುಂದುತ್ತದೆ, ಅದು ತಿರುಗಿ ಬರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಕೆಲವು ತಿಂಗಳು 2ಎಸ್ ಸಾಕು. ನಿಕಲ್ ಪ್ಯಾಕ್ 400 ಗ್ರಾಂ ಆಸುಪಾಸು ಇರುತ್ತದೆ, ಅದು ಹೋಗಿ 280 ಬಂದರೇ ಗಾಡಿ ಹಗುರಾಗಿ ಚುರುಕಾಗುತ್ತದೆ. ಗೇರ್‌ಬಾಕ್ಸ್, ಡ್ರೈವ್‌ಶಾಫ್ಟ್ ಪ್ಲಾಸ್ಟಿಕ್ ಇರುವಾಗ 3ಎಸ್ ಪವರ್ ಅವುಗಳ ಮೇಲೇ ಬೀಳುತ್ತದೆ. ಸ್ಲಿಪ್ಪರ್ ಕ್ಲಚ್ ಇದ್ದರೆ ಪೂರ್ತಿ ಬಿಗಿಯಬೇಡಿ, ಒಮ್ಮೆಲೇ ಥ್ರಾಟಲ್ ಕೊಟ್ಟಾಗ ಮೊದಲ ಅರ್ಧ ಮೀಟರ್ ಅದು ಜಾರಬೇಕು.

ಮರೆಯದೇ ಮಾಡಬೇಕಾದ ಒಂದು ಕೆಲಸ: ಇಎಸ್‌ಸಿಯನ್ನು ಲಿಪೊ ಮೋಡ್‌ಗೆ ಹಾಕಿ. ನಿಕಲ್ ಮೋಡಿನಲ್ಲಿ ಬಿಟ್ಟರೆ ಅದು ಸರಿಯಾದ ಹೊತ್ತಿಗೆ ಪವರ್ ಕಡಿಯುವುದಿಲ್ಲ, ಸೆಲ್ 3 ವೋಲ್ಟಿಗಿಂತ ಕೆಳಗೆ ಹೋಗಿ ಕೆಡುತ್ತದೆ. 3.3ರ ಹತ್ತಿರ ನಿಲ್ಲಿಸುವುದು ಒಳ್ಳೆಯದು. ವಾರ ಓಡಿಸುವುದಿಲ್ಲ ಅಂದರೆ ಸೆಲ್ಲಿಗೆ 3.8 ವೋಲ್ಟ್ ಇಟ್ಟು ಎತ್ತಿಡಿ. ಬ್ಯಾಲೆನ್ಸ್ ಚಾರ್ಜರಿನಲ್ಲೇ (ಎಲ್ಲ ಸೆಲ್ಲಿಗೂ ಸಮ ವೋಲ್ಟ್ ತರುವಂಥದ್ದು) ಚಾರ್ಜ್ ಮಾಡಿ, 5000 ಎಂಎಎಚ್‌ಗೆ 5 ಆಂಪಿಯರ್ ಮೀರಬೇಡಿ, ಎದುರಿಗೇ ಇರಿ. ಸ್ಕೂಟರ್ ಡಿಕ್ಕಿಯಲ್ಲಿಟ್ಟು ಬಿಸಿಲಿಗೆ ನಿಲ್ಲಿಸಬೇಡಿ. ಉಬ್ಬಿದ ಪ್ಯಾಕನ್ನು ಮತ್ತೆ ಬಳಸಲೇಬೇಡಿ.

ಸಾಮಾನಿಗೆ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಗೆ ಹೋಗಿ. ಸಿಲಿಕಾನ್ ವೈರ್, ಹೀಟ್‌ಶ್ರಿಂಕ್, ಸೋಲ್ಡರ್ ಎಲ್ಲ ಅಲ್ಲಿ ಕೇಳಿ ನೋಡಿ. ಹಳೇ ಬಿಳಿ ಟಮಿಯಾ ಕನೆಕ್ಟರ್ ಈ ಕರೆಂಟಿಗೆ ಕರಗುತ್ತದೆ, ಎಕ್ಸ್‌ಟಿ60 ಹಾಕಿ. ಬ್ಯಾಟರಿ ಕಡೆಯ ವೈರುಗಳನ್ನು ಒಂದೊಂದಾಗಿ ಕತ್ತರಿಸಿ, ಒಂದರ ಕೆಲಸ ಮುಗಿಸಿ ಹೀಟ್‌ಶ್ರಿಂಕ್ ಹಾಕಿದ ಮೇಲೇ ಇನ್ನೊಂದು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಶಾರ್ಟ್ ಮಾಡುತ್ತದೆ. ಕಟಿಂಗ್ ಬೋರ್ಡ್ ಅಲ್ಲೇ ಹತ್ತಿರದ ತುಳಶಿಬಾಗಿನಲ್ಲಿ ಸಿಗುತ್ತದೆ. ಅಲ್ಯೂಮಿನಿಯಂ ತುಂಡು ಬೇಕಿದ್ದರೆ ಭೋಸರಿ ಎಂಐಡಿಸಿಯ (ಕೈಗಾರಿಕಾ ಪ್ರದೇಶದ) ಯಾವುದಾದರೂ ಸಣ್ಣ ವರ್ಕ್‌ಶಾಪಿನಲ್ಲಿ ಕೇಳಿ, ಉಳಿದ ತುಂಡುಗಳು ಇದ್ದೇ ಇರುತ್ತವೆ. ಮೋಟಾರ್, ಇಎಸ್‌ಸಿ ಮಾತ್ರ ಆನ್‌ಲೈನೇ ವಾಸಿ, ಒಂದೇ ಸೆಟ್ ತಗೊಳ್ಳಿ.

ನಿಮ್ಮ ಸ್ಪರ್ ಹಲ್ಲಿನ ಎಣಿಕೆ, ಟೈರಿನ ಎತ್ತರ, ಟ್ರೇನ ಒಳ ಅಳತೆ ಮೂರನ್ನೂ ಇಲ್ಲೇ ಕೆಳಗೆ ಬರೆಯಿರಿ. ಪಿನಿಯನ್ ಎಷ್ಟು ಹಲ್ಲಿನದು ಬೇಕು, ಪ್ಲೇಟಿಗೆ ತೂತು ಎಲ್ಲಿ ಕೊರೆಯಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.