ಝಹ್ರಾ ಎಂದರೆ ವಿಷವೇ?

ಪುತ್ತೂರಿನ ಓದುಗರೊಬ್ಬರು ಬರೆಯುತ್ತಾರೆ: ‘ಮಗಳ ಮಗುವಿಗೆ ಝಹ್ರಾ ಎಂದು ಹೆಸರಿಡುವ ಆಸೆ. ಬೀಗರ ಕಡೆಯ ಹಿರಿಯರೊಬ್ಬರು, ಜಹರ್ ಅಂದರೆ ವಿಷ, ಆ ಹೆಸರು ಬೇಡ ಅನ್ನುತ್ತಿದ್ದಾರೆ. ಝೊಹರಾ, ಸುಹರಾ ಎಲ್ಲ ಒಂದೇ ಹೆಸರೇ? ಕನ್ನಡದಲ್ಲಿ ಹೇಗೆ ಬರೆಯುವುದು?’

ಉತ್ತರ: ಹಿರಿಯರು ಹೇಳಿದ ಪದ ಇರುವುದು ನಿಜ, ಆದರೆ ಅದು ಬೇರೆ ಭಾಷೆಯದು. ವಿಷ ಎಂಬರ್ಥದ ಜಹರ್ ಪಾರಸಿ ಪದ; ಉರ್ದು, ಹಿಂದಿಗೆ ಬಂದದ್ದು ಅಲ್ಲಿಂದ. ಅರಬಿಯಲ್ಲಿ ವಿಷಕ್ಕೆ ‘ಸಮ್’ ಎನ್ನುತ್ತಾರೆ. ಅರಬಿ ಲಿಪಿಯಲ್ಲಿ ಎರಡು ಪದಗಳೂ ಅವೇ ಮೂರು ಅಕ್ಷರಗಳಿಂದ ಶುರುವಾಗುವುದರಿಂದ ಉರ್ದು ಓದಿದವರಿಗೆ ಗೊಂದಲವಾಗುವುದು ಸಹಜ.

ಅರಬಿಯ ಝ-ಹ-ರ ಧಾತುವಿಗೆ ಹೊಳೆಯುವುದು, ಅರಳುವುದು ಎಂಬ ಅರ್ಥಗಳಿವೆ. ‘ಅಝ್‌ಹರ್’ ಎಂದರೆ ಬೆಳಗುವವನು, ಝಹ್ರಾ ಅದರ ಸ್ತ್ರೀಲಿಂಗ. ಕೆಂಪು ಬಣ್ಣಕ್ಕೆ ಅಹ್ಮರ್, ಹಮ್ರಾ ಎನ್ನುವುದೂ ಇದೇ ಅಚ್ಚಿನಲ್ಲಿ. ಸ್ಪೇನಿನ ಅಲ್‌ಹಂಬ್ರ ಕೋಟೆಯ ಹೆಸರಲ್ಲಿರುವುದು ಆ ಹಮ್ರಾ. ಪ್ರವಾದಿಯವರ ಮಗಳು ಫಾತಿಮಾ ಅವರ ಬಿರುದು ಝಹ್ರಾ. ಕುರ್‌ಆನಿನ ಬಕರ ಮತ್ತು ಆಲು ಇಮ್ರಾನ್ ಅಧ್ಯಾಯಗಳನ್ನು ಹದೀಸಿನಲ್ಲಿ (ಪ್ರವಾದಿಯವರ ನುಡಿಗಳಲ್ಲಿ) ‘ಝಹ್ರಾವೈನ್’, ಅಂದರೆ ಬೆಳಗುವ ಜೋಡಿ, ಎಂದು ಕರೆದಿದೆ. ಹಿರಿಯರಿಗೆ ಇದೊಂದನ್ನು ಹೇಳಿದರೂ ಸಾಕು.

ಝೊಹರಾ ಬೇರೆ. ಅರಬಿಯ ‘ಝುಹರ’ ಶುಕ್ರಗ್ರಹದ ಹೆಸರು, ಉರ್ದು ಬಾಯಲ್ಲಿ ಅದು ಝೊಹರಾ. ಮಲಯಾಳದಲ್ಲಿ ಆ ‘ಝ’ ಧ್ವನಿ ಇಲ್ಲದ್ದರಿಂದ ಕಾಸರಗೋಡಿನ ಕಡೆ ಅದೇ ಸುಹರಾ ಆಯಿತು. ಫಾತಿಮತ್ ಸುಹರಾ ಎಂಬ ಜೋಡಿ ಹೆಸರಲ್ಲಿ ಫಾತಿಮಾರ ಬಿರುದೂ ಗ್ರಹದ ಹೆಸರೂ ಕಲಸಿಹೋಗಿವೆ. ಇಟ್ಟವರ ಮನಸ್ಸಿನಲ್ಲಿದ್ದದ್ದು ಬಿರುದೇ ಎನ್ನಬಹುದು. ಹೂವು ಎಂಬರ್ಥದ ‘ಝಹ್ರ’ ಮೂರನೆಯದು, ಅದರ ಕೊನೆಯ ಸ್ವರ ಹ್ರಸ್ವ. ಕುರ್‌ಆನಿನ ತಾಹಾ ಅಧ್ಯಾಯದ 131ನೇ ವಚನದಲ್ಲಿರುವುದು ಈ ಹೂವಿನ ಪದ, ಅದೂ ಲೌಕಿಕ ಬದುಕಿನ ಥಳಕು ಎಂಬರ್ಥದಲ್ಲಿ. ಅದನ್ನು ತೋರಿಸಿ ‘ಹೆಸರು ಕುರ್‌ಆನಿನಲ್ಲಿದೆ’ ಎನ್ನಲು ಹೋಗಬೇಡಿ.

ಇನ್ನು ಬರವಣಿಗೆ. ‘ಹ್ರ’ ನಮ್ಮ ನಾಲಗೆಗೆ ತೊಡಕು. ನಡುವೆ ಅಕಾರ ಸೇರಿ ಜಹರಾ ಆಗುತ್ತದೆ. ಅವಸರದಲ್ಲಿ ಕೊನೆಯ ದೀರ್ಘವೂ ಬಿದ್ದರೆ ಉಳಿಯುವುದು ಜಹರ! ವಿಷದ ಮಾತು ಹುಟ್ಟುವುದು ಇಲ್ಲಿ. ಹಾಗಾಗಿ ಒತ್ತಕ್ಷರ, ದೀರ್ಘ ಎರಡನ್ನೂ ಬಿಡದೆ ‘ಝಹ್ರಾ’ ಎಂದೇ ಬರೆಯಿರಿ. ಕನ್ನಡದ ಝ ವಾಸ್ತವವಾಗಿ ಝರಿಯ ಝ, ಅರಬಿಯ ಧ್ವನಿಯಲ್ಲ. ಆದರೂ ಕರಾವಳಿಯಲ್ಲಿ ಝುಬೈರ್, ಝೈನಬ್ ಎಂದು ಬರೆದು ರೂಢಿಯಾಗಿದೆ. ಜ ಕೆಳಗೆ ಚುಕ್ಕಿ ಇಡುವ ಕ್ರಮ ಶಾಸ್ತ್ರಶುದ್ಧ, ಆದರೆ ನಕಲು ಮಾಡುವಾಗ ಚುಕ್ಕಿ ಉದುರುತ್ತದೆ.

ಜನನ ನೋಂದಣಿಗೆ 21 ದಿನದ ಗಡುವಿದೆ. ಹೆಸರು ತೀರ್ಮಾನವಾಗದಿದ್ದರೆ ಹೆಸರಿಲ್ಲದೆಯೇ ನೋಂದಾಯಿಸಿ, 12 ತಿಂಗಳೊಳಗೆ ಸೇರಿಸಬಹುದು; ಆಮೇಲಾದರೆ ವಿಳಂಬ ಶುಲ್ಕ. ಇಂಗ್ಲಿಷಿನಲ್ಲಿ ಎಚ್ ಮತ್ತು ಆರ್ ನಡುವೆ ಎ ಇರದಂತೆ ನೋಡಿಕೊಳ್ಳಿ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಓಡಾಟ ತಪ್ಪದು. ಫಾತಿಮಾ ಸೇರಿಸುವುದಾದರೆ ನಡುವೆ ಅರಬಿಯಲ್ಲಿ ಪದದ ಮುಂದೆ ಸೇರಿಸುವ ‘ಅಲ್’ ಬೇಡ. ಝ ಮುಂದಿರುವಾಗ ಅದರ ಲಕಾರ ಉಚ್ಚಾರವಾಗುವುದಿಲ್ಲ, ‘ಅಝ್ಝಹ್ರಾ’ ಆಗುತ್ತದೆ. ಫಾತಿಮಾ ಝಹ್ರಾ ಎಂದಿಟ್ಟರೆ ಸಾಕು.