ಪಾರ್ಸೆಲ್ ಆಫೀಸಿಗೆ ಬರುತ್ತಿತ್ತು: ಒಂದು ಆಪ್ತಸಲಹೆ ಪ್ರಕರಣ

ದಂಪತಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮೊತ್ತಗಳನ್ನು ಬದಲಿಸಲಾಗಿದೆ.

"ಮೇಡಂ, ಇವರಿಗೆ ಹಾಡಿನ ಹುಚ್ಚು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಇವರು ಕೂತು ಒಂದು ಹಾಡು ಪೂರ್ತಿ ಕೇಳಿದ್ದನ್ನ ನಾನು ನೋಡಿ ವರ್ಷ ಆಯ್ತು." ಮೊದಲ ಭೇಟಿಯಲ್ಲಿ ಪತ್ನಿ ಹೇಳಿದ ಮಾತಿದು. ಆಗ ಕೋಪಕ್ಕೆ ಬಂದ ಮಾತಿನಂತೆ ಕೇಳಿಸಿತು. ಮೂರು ವಾರದ ಲೆಕ್ಕ ಕೈಗೆ ಬಂದ ಮೇಲೆ, ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಬಹಳ ಇಲ್ಲವೆಂದು ಗೊತ್ತಾಯಿತು.

ಪತಿಗೆ 43, ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದಲ್ಲಿ ಕೆಲಸ. ಪತ್ನಿ ಬ್ಯಾಂಕ್ ಉದ್ಯೋಗಿ. ಮಗಳು ಎಸ್ಸೆಸ್ಸೆಲ್ಸಿ. ಪತಿಯ ತಾಯಿ, 71 ವರ್ಷ, ಉಬ್ಬಸವಿದೆ, ಜೊತೆಯಲ್ಲೇ ಇದ್ದಾರೆ. ಎರಡು ಬೆಡ್‌ರೂಮಿನ ಫ್ಲ್ಯಾಟ್. ಅದರಲ್ಲಿ ನಾಲ್ಕು ಜೋಡಿ ಸ್ಪೀಕರ್, ಮೂರು ಆಂಪ್ಲಿಫೈಯರ್, ಊಟದ ಮೇಜಿನ ಮೇಲೆ ಅರ್ಧ ಕಟ್ಟಿದ ಒಂದು ವಾಲ್ವ್ ಆಂಪ್ (ಗಾಜಿನ ಕೊಳವೆಗಳಿಂದ ನಡೆಯುವ ಹಳೇ ಬಗೆಯ ಆಂಪ್ಲಿಫೈಯರ್). ಮಗಳು ಸ್ಟೂಲಿನ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಳು. ಜಗಳ ಹತ್ತಿದ್ದು ಇದರಿಂದಲ್ಲ. ಹೊಸ ಪಾರ್ಸೆಲ್‌ಗಳು ಆಫೀಸಿನ ವಿಳಾಸಕ್ಕೆ ಬರುತ್ತಿವೆ, 14 ತಿಂಗಳಲ್ಲಿ ಕ್ರೆಡಿಟ್ ಕಾರ್ಡಿನಿಂದ 1.86 ಲಕ್ಷ ಹೋಗಿದೆ, ಅದರ ದೊಡ್ಡ ಪಾಲು ಇಎಂಐ ಆಗಿದೆ ಎಂಬುದು ಪತ್ನಿಗೆ ಬ್ಯಾಂಕ್ ಸಂದೇಶವೊಂದರಿಂದ ತಿಳಿದ ದಿನ ಹತ್ತಿತು.

"ಇದು ಚಟವಾ?" ಎಂದು ಇಬ್ಬರೂ ಕೇಳಿದರು. ನಿದ್ದೆ, ಕೆಲಸ, ಸಾಲ, ಬಿಟ್ಟಿರಬೇಕಾದಾಗ ಆಗುವ ಚಡಪಡಿಕೆ, ಸುಳ್ಳು: ಈ ಐದನ್ನೂ ಒಂದೊಂದಾಗಿ ವಿಚಾರಿಸಿದೆ. ರಾತ್ರಿ ಒಂದೂವರೆಯವರೆಗೆ ಫೋನಿನಲ್ಲಿ ವಿಮರ್ಶೆ, ಬೆಲೆ ನೋಡುವುದು. ಬೆಳಗ್ಗೆ ಎಂಟೂವರೆಯ ಮೀಟಿಂಗಿಗೆ ತಿಂಗಳಲ್ಲಿ ನಾಲ್ಕು ಸಲ ತಡ. ಆದರೆ ಊರಿಗೆ ಹೋದ ಹತ್ತು ದಿನ ಆರಾಮಾಗಿದ್ದರು, ಬೇರೆಡೆ ಕೈಸಾಲ ಇರಲಿಲ್ಲ. ಚಟವೆಂಬ ಹಣೆಪಟ್ಟಿ ಬೇಡವೆಂದೆ. ಎರಡು ತಿಂಗಳಲ್ಲಿ ರಾತ್ರಿಯ ಫೋನು ಹಿಡಿತಕ್ಕೆ ಬಾರದಿದ್ದರೆ ಫೋನು, ಇಂಟರ್ನೆಟ್ ಅತಿಬಳಕೆಗೆ ಚಿಕಿತ್ಸೆ ಕೊಡುವ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ಹೋಗುವುದೆಂದು ಮಾತಾಯಿತು.

ಮೊದಲು ಕೊಟ್ಟ ಕೆಲಸ ಒಂದು ನೋಟ್‌ಬುಕ್, ಮೂರು ಅಂಕಣ: ಕೇಳಿದ್ದು, ಕಟ್ಟಿದ್ದು, ಹುಡುಕಿದ್ದು. ಮೂರು ವಾರದ ಸರಾಸರಿ ತೆಗೆದರೆ ವಾರಕ್ಕೆ 21 ಗಂಟೆ. ಕಟ್ಟಿದ್ದು 6, ಕೇಳಿದ್ದು ಮೂರೂವರೆ. ಉಳಿದ ಹನ್ನೊಂದೂವರೆ ಗಂಟೆ ಹುಡುಕಾಟ. ಪತಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅಲ್ಲಿಂದ ಮುಂದೆ "ನನ್ನ ಹವ್ಯಾಸ ಕಿತ್ಕೋತೀರಾ" ಎಂಬ ವಾದ ಬರಲಿಲ್ಲ. ಕಟ್ಟಿದ್ದು, ಕೇಳಿದ್ದು ಸೇರಿ ಹವ್ಯಾಸ ಇದ್ದದ್ದು ಒಂಬತ್ತೂವರೆ ಗಂಟೆ ಮಾತ್ರ.

ಇಷ್ಟು ಹುಡುಕಾಟ ಯಾಕೆ ಎಂದು ಕೆದಕಿದಾಗ ಕಾರಣ ಗೋಡೆಯಲ್ಲಿ ಸಿಕ್ಕಿತು. ಬಾಸ್ ಗಿಟಾರಿನ ಒಂದೆರಡು ಸ್ವರ ಮಾತ್ರ ಉಬ್ಬಿ 'ಬುಮ್' ಎನ್ನುತ್ತವೆ, ಅದಕ್ಕೇ ಆಂಪ್, ಸ್ಪೀಕರ್ ಬದಲಿಸುತ್ತ ಬಂದೆ ಎಂದರು. ಅವರ ಹಾಲ್ 16 ಅಡಿಗೆ 11 ಅಡಿ. ಒಂದು ಉದ್ದ ಗೋಡೆಗೆ ಸ್ಪೀಕರ್, ಎದುರಿನ ಉದ್ದ ಗೋಡೆಗೆ ಅಂಟಿದ ಸೋಫಾ. 11 ಅಡಿ ಎಂದರೆ 3.35 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಅಗಲದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 51 ಹರ್ಟ್ಸ್. ಎದುರುಬದುರು ಗೋಡೆಗಳ ನಡುವೆ ಆ ಸ್ವರ ನಿಂತುಬಿಡುತ್ತದೆ, ಗೋಡೆಯ ಬಳಿಯೇ ಅತಿ ಜೋರಾಗಿರುತ್ತದೆ, ಸೋಫಾ ಇದ್ದದ್ದೂ ಅಲ್ಲೇ. ಎಷ್ಟು ಲಕ್ಷದ ಆಂಪ್ ತಂದರೂ ಇದು ಹೋಗುವುದಿಲ್ಲ. ಕೋಣೆಯ ಶಬ್ದ ಅಳೆಯುವ ಆರ್‌ಇಡಬ್ಲ್ಯೂ ಎಂಬ ಉಚಿತ ತಂತ್ರಾಂಶವೂ ಅಳತೆಯ ಮೈಕೂ ಅವರ ಬಳಿ ಇದ್ದವು; ಅಳೆದಾಗ ಉಬ್ಬು ಅಲ್ಲಿಯೇ ಕಂಡಿತು.

ಸೋಫಾವನ್ನೇ ಎರಡೂವರೆ ಅಡಿ ಮುಂದೆ ತರುತ್ತೇನೆಂದರು. ಆಗ ಅಜ್ಜಿ ಬಚ್ಚಲಿಗೆ ಹೋಗುವ ದಾರಿ ಇಕ್ಕಟ್ಟಾಗುತ್ತದೆ ಎಂದು ಪತ್ನಿ ತಡೆದರು. ಸರಿಯಾದ ತಕರಾರು. ಕೊನೆಗೆ ಒಂದು ಹಗುರ ಬೆತ್ತದ ಕುರ್ಚಿ: ಕೇಳುವಾಗ ನೆಲದ ಗುರುತಿನ ಮೇಲೆ, ಮುಗಿದ ಮೇಲೆ ಮೂಲೆಗೆ. ಉಳಿದ ಉಬ್ಬಿಗೆ, ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಜರ್‌ನಲ್ಲಿ 51 ಹರ್ಟ್ಸ್ ಬಳಿ 6 ಡೆಸಿಬಲ್‌ನ ಕಿರಿದಾದ ಕಡಿತ. ಖರ್ಚು ಸೊನ್ನೆ.

ಸಮಯದ ವಿಷಯದಲ್ಲಿ ನನ್ನ ಮೊದಲ ಸಲಹೆ ತಪ್ಪಾಯಿತು. ದಿನಕ್ಕೊಂದು ಗಂಟೆ ಎಂದಿದ್ದೆ. ಎರಡನೇ ವಾರಕ್ಕೇ ಮುರಿದುಬಿತ್ತು. ಸಾಮಾನು ಹೊರತೆಗೆದು ಜೋಡಿಸಲು 20 ನಿಮಿಷ, ತಪ್ಪಾದ ಒಂದು ಜಾಯಿಂಟ್ ಹುಡುಕಲು ಮುಕ್ಕಾಲು ಗಂಟೆ. ಅರ್ಧಕ್ಕೆ ಏಳಬೇಕಾದ ಮನುಷ್ಯ ಊಟಕ್ಕೆ ಕೂತರೂ ಮನಸ್ಸು ಸರ್ಕ್ಯೂಟಿನಲ್ಲೇ. ಆದ್ದರಿಂದ ಬೇರ್ಪಡಿಸಿದೆವು. ವಾರದ ದಿನ ಬರೀ ಕೇಳುವುದು, ಒಂಬತ್ತೂಕಾಲಿನಿಂದ ಹತ್ತು, ಹೆಡ್‌ಫೋನಿನಲ್ಲಿ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ಅವು ಮನೆಯವರಿಗೆ. ಕಟ್ಟುವುದು ಒಂದನೇ, ಮೂರನೇ ಶನಿವಾರ ಮಧ್ಯಾಹ್ನ 2ರಿಂದ 6.

ಇದರಲ್ಲೊಂದು ತೊಡಕಿತ್ತು. ಆ ಶನಿವಾರಗಳಂದು ಮನೆಯಲ್ಲಿ ಅಜ್ಜಿ, ಮಗಳು ಇಬ್ಬರೇ. ವಾಲ್ವ್ ಆಂಪಿನೊಳಗೆ 400 ವೋಲ್ಟ್ ದಾಟುವ ನೇರ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ, ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. ಹಾಗಾಗಿ ಶನಿವಾರ ಬರೀ ಸೋಲ್ಡರಿಂಗ್, ಅಂದರೆ ಬಿಡಿಭಾಗಗಳನ್ನು ಬೆಸೆಯುವುದು. ವಿದ್ಯುತ್ ಕೊಟ್ಟು ಪರೀಕ್ಷಿಸುವುದು ಭಾನುವಾರ, ಮೇನ್ ಆರಿಸಲು ಗೊತ್ತಿರುವ ಪತ್ನಿ ಮನೆಯಲ್ಲಿದ್ದಾಗ. 220 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಅಡ್ಡವಾಗಿ 100 ಕಿಲೋಓಮ್, 5 ವ್ಯಾಟ್, ಆ ವೋಲ್ಟೇಜ್ ತಾಳುವ, ಉಳಿದ ವಿದ್ಯುತ್ತನ್ನು ಹರಿದುಹೋಗಲು ಬಿಡುವ ರೆಸಿಸ್ಟರ್ ಕಾಯಂ ಇದ್ದರೆ ಸುಮಾರು ಎರಡು ನಿಮಿಷದಲ್ಲಿ 450 ವೋಲ್ಟ್ ಕೆಲವೇ ವೋಲ್ಟಿಗೆ ಇಳಿಯುತ್ತದೆ. ಅದನ್ನೂ ನಂಬದೆ ಮೀಟರ್ ಹಿಡಿದು ನೋಡಿಯೇ ಕೈ ಹಾಕಬೇಕು, ರೆಸಿಸ್ಟರಿನ ಕಾಲು ಬಿಟ್ಟುಹೋಗಿರಬಹುದು. ಅವರ ಆಂಪಿನಲ್ಲಿ ಆ ರೆಸಿಸ್ಟರ್ ಇರಲೇ ಇಲ್ಲ. ಇಷ್ಟು ದಿನ ಊಟದ ಮೇಜಿನ ಮೇಲಿದ್ದದ್ದು ಅಂಥ ಆಂಪ್!

ಮೇಜು ಖಾಲಿ ಮಾಡಲು ಮೂರಡಿಗೆ ಎರಡಡಿ ಪ್ಲೈವುಡ್ ಹಲಗೆ, ಸುತ್ತ ಒಂದಿಂಚು ಅಂಚು, ಯುಟಿಲಿಟಿಯಲ್ಲಿ ಇಡಲು ಒಂದು ಮುಚ್ಚಳ. ಆ ಹಲಗೆಯ ಮೇಲೆ ಹಿಡಿಯದ ಕೆಲಸ ಕೈಗೆತ್ತಿಕೊಳ್ಳುವಂತಿಲ್ಲ. ಅವರು ಬಳಸುವ ಸೋಲ್ಡರಿನಲ್ಲಿ ಸೀಸವಿದೆ, ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆಯಬೇಕು. ಬೆಸುಗೆ ಹಿಡಿಯಲು ಬಳಸುವ ಫ್ಲಕ್ಸ್‌ನ ಹೊಗೆ ಉಬ್ಬಸದವರಿಗೆ ಆಗದು, ಆದ್ದರಿಂದ ಯುಟಿಲಿಟಿಯ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್, ನಡುವಿನ ಬಾಗಿಲು ಮುಚ್ಚಿ.

ಶಬ್ದದ ಬಗ್ಗೆ ಹೆಚ್ಚು ಹೇಳಬೇಕಾಗಲಿಲ್ಲ. ಕೆಳಮನೆಯವರ ದೂರು ಸಬ್‌ವೂಫರ್ (ಬಾಸ್‌ಗೆಂದೇ ಇರುವ ಸ್ಪೀಕರ್) ಬಗ್ಗೆ. ಅದರ ಕೆಳಗೆ ಹಾಕುವ ರಬ್ಬರ್ ಪ್ಯಾಡ್ ನೆಲಕ್ಕೆ ಹೋಗುವ ಅದುರನ್ನಷ್ಟೇ ತಗ್ಗಿಸುತ್ತದೆ, ಗಾಳಿಯಲ್ಲಿ ಹೋಗುವ ಬಾಸನ್ನಲ್ಲ. 40 ಹರ್ಟ್ಸ್‌ನ ಅಲೆ ಎಂಟೂವರೆ ಮೀಟರ್ ಉದ್ದ, ಗೋಡೆ, ನೆಲಗಳು ಮೇಲಿನ ಸ್ವರಗಳನ್ನು ತಡೆದಷ್ಟು ಅದನ್ನು ತಡೆಯುವುದಿಲ್ಲ. ರಾತ್ರಿ ಎಂಟೂವರೆಗೆ ಸಬ್‌ವೂಫರಿನ ಸ್ವಿಚ್ಚು ಆರಿಸುವುದೇ ಪರಿಹಾರ. ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಮಿತಿ 45 ಡೆಸಿಬಲ್. ಹೆಡ್‌ಫೋನಿಗೂ ಮಿತಿ ಹೇಳಿದೆ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧಕ್ಕೆ ಇಳಿಯುತ್ತದೆ.

ಹಣದ ಮಾತಿಗೆ ಒಂದು ಪೂರ್ತಿ ಭೇಟಿ ಬೇಕಾಯಿತು. ಕಾರ್ಡಿನ 14 ತಿಂಗಳ ಸ್ಟೇಟ್‌ಮೆಂಟ್ ಮುದ್ರಿಸಿ ತಂದು ಒಂದೇ ಸಲಕ್ಕೆ ಎಲ್ಲ ಹೇಳಿಬಿಡಿ ಎಂದಿದ್ದೆ. ವಾರಕ್ಕೊಂದರಂತೆ ಹೊರಬೀಳುವ ಸತ್ಯ ಸಾಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಪತ್ನಿ ಅಂದು ಮೊತ್ತದ ಬಗ್ಗೆ ಏನೂ ಕೇಳಲಿಲ್ಲ. "ಸೆಕ್ಯುರಿಟಿಯವರಿಗೆ ಗೊತ್ತು, ನಿಮ್ಮ ಆಫೀಸಿಗೆಲ್ಲ ಗೊತ್ತು, ನಂಗೆ ಮಾತ್ರ ಗೊತ್ತಿಲ್ಲ ಅಲ್ವೇನ್ರೀ" ಎಂದರು. ಪತಿ ಸಮಜಾಯಿಷಿ ಕೊಡಲು ಬಾಯಿ ತೆರೆದಾಗ ಐದು ನಿಮಿಷ ಸುಮ್ಮನಿರಿ ಎಂದೆ.

ನಂತರದ ಏರ್ಪಾಡು: ಎರಡು ಜೋಡಿ ಸ್ಪೀಕರ್, ಒಂದು ಆಂಪ್ ಮಾರಿ ಬಂದ ಹಣ ಪೂರ್ತಿ ಇಎಂಐಗೆ. ತಿಂಗಳಿಗೆ 4,000 ರೂಪಾಯಿ ಹವ್ಯಾಸದ ಬೇರೆ ಖಾತೆಗೆ, ಡೆಬಿಟ್ ಕಾರ್ಡಿನಲ್ಲಿ ಮಾತ್ರ. ಖರ್ಚಾಗದ್ದು ಮುಂದಿನ ತಿಂಗಳಿಗೆ. ಪತ್ನಿಗೂ ಅಷ್ಟೇ ಮೊತ್ತ, ಲೆಕ್ಕ ಕೇಳುವಂತಿಲ್ಲ. ಐದು ಸಾವಿರ ಮೀರಿದ ವಸ್ತುವನ್ನು ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ಬರೆದು 30 ದಿನ ಕಾಯಬೇಕು. ಪಾರ್ಸೆಲ್ ಮನೆಗೇ ಬರಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಬರೆದುಕೊಂಡ ಚೀಟಿಯೊಂದಿಗೆ, ನಗದು ಹಿಡಿದು ಹೋಗಬೇಕು. ಅಲ್ಲಿ ಸುಮ್ಮನೆ ಸುತ್ತಿದರೆ ಜೇಬು ಉಳಿಯುವುದಿಲ್ಲ. ರಾತ್ರಿ ಹತ್ತಕ್ಕೆ ಫೋನು ಹಾಲ್‌ನಲ್ಲಿರುವ ಚಾರ್ಜರಿಗೆ, ಇದು ಗಂಡ, ಹೆಂಡತಿ, ಮಗಳು ಮೂವರಿಗೂ.

ಎರಡು ತಿಂಗಳಲ್ಲಿ ರಾತ್ರಿಯ ಹುಡುಕಾಟ ವಾರಕ್ಕೆ ಎರಡು ಗಂಟೆಗೆ ಇಳಿಯಿತು; ಕ್ಲಿನಿಕ್‌ನ ಅಗತ್ಯ ಬೀಳಲಿಲ್ಲ. ಮೂರನೇ ತಿಂಗಳು ಒಮ್ಮೆ ಮತ್ತೆ ಆಫೀಸಿಗೆ ಪಾರ್ಸೆಲ್ ಬಂತು, 1,200 ರೂಪಾಯಿಯ ವಾಲ್ವ್ ಸಾಕೆಟ್. ಅವತ್ತೇ ಸಂಜೆ ಮನೆಯಲ್ಲಿ ಹೇಳಿದರು, ಜಗಳವೂ ಆಯಿತು. ಆರನೇ ತಿಂಗಳ ಭೇಟಿಗೆ ಪತ್ನಿ ಒಬ್ಬರೇ ಬಂದಿದ್ದರು. ಪತಿಗೆ ಅಂದು ಆಡಿಟ್. ಬೆತ್ತದ ಕುರ್ಚಿಯಲ್ಲಿ ಈಗ ಮಧ್ಯಾಹ್ನ ಅತ್ತೆ ಕೂರುತ್ತಾರೆ, ರಿಮೋಟ್ ಕೇಳಿದರೆ ಕೊಡುವುದಿಲ್ಲ ಎಂದರು.