ಕಾಯಿಸಿದ್ದು ಬೇರೆ, ಕುದಿಸಿದ್ದು ಬೇರೆ

ಓದುಗರ ಪ್ರಶ್ನೆಗಳಿಗೆ ತೀರ್ಥಹಳ್ಳಿ ಕಡೆಯ ನಿವೃತ್ತ ಆರೋಗ್ಯ ಸಹಾಯಕರ ಉತ್ತರ

ಪ್ರಶ್ನೆ: ನಮ್ಮದು ಗುಡ್ಡದ ಬುಡದ ಮನೆ. ಮೇಲಿನ ಅಬ್ಬಿ (ಗುಡ್ಡದ ಒರತೆ) ನೀರು ಪೈಪಿನಲ್ಲಿ ಅಡುಗೆಮನೆಗೇ ಬರುತ್ತದೆ, ತಳ ಕಾಣುವಷ್ಟು ತಿಳಿ. ಆದರೂ ಹೋದ ಮಳೆಗಾಲದಲ್ಲಿ ಮಗನಿಗೆ ಕಾಮಾಲೆ ಆಯಿತು. ಕುದಿಸಿ ಕುಡಿಯೋಣ ಅಂದರೆ ಅತ್ತೆ, ‘ಅಜ್ಜನ ಕಾಲದಿಂದ ಕುಡೀತಿದೀವಿ, ಏನಾಗಿದೆ?’ ಅಂತಾರೆ.
– ಗೃಹಿಣಿ, ಹೊಸನಗರ ತಾಲ್ಲೂಕು

ಉತ್ತರ: ಜಗಳ ಬೇಡ ತಂಗಿ, ಅತ್ತೆಯ ಮಾತಲ್ಲಿ ಅರ್ಧ ನಿಜ ಇದೆ. ಅಜ್ಜನ ಕಾಲದಲ್ಲಿ ಅಬ್ಬಿಯ ಮೇಲೆ ಬರೀ ಕಾಡಿತ್ತು. ಈಗ ಏನಿದೆ ಅಂತ ಪೈಪಿನ ಜಾಡು ಹಿಡಿದು ಒಮ್ಮೆ ಹತ್ತಿ ನೋಡಿ.

ನಮ್ಮನೆಗೂ ಅಬ್ಬಿ ನೀರೇ. ಒಂದು ಸಲ ಆರಿದ್ರಾ ಮಳೆ ಹೊಳವಾದಾಗ ನಾನೂ ಹತ್ತಿದೆ. ಹೊಂಡದ ಬಾಯಲ್ಲಿ ದರಗು ಕೊಳೆತು ಕೂತಿತ್ತು. ಹತ್ತು ಮಾರು ಮೇಲೆ ದನ ಮಲಗುವ ಜಾಗ, ಸಗಣಿ ತೊಳೆದ ಮಳೆನೀರು ಸೀದಾ ಹೊಂಡಕ್ಕೆ! ಕೆಳಗೆ ತೋಟದ ಕೆಸರಲ್ಲಿ ಪೈಪಿನ ಜಾಯಿಂಟು, ಅದಕ್ಕೆ ಸುತ್ತಿದ್ದು ಹಳೇ ಸೈಕಲ್ ಟ್ಯೂಬು. ಸುತ್ತಿದವನು ನಾನೇ. ಪೈಪಲ್ಲಿ ನೀರಿನ ಒತ್ತಡ ಇಳಿದಾಗ ಇಂಥ ಸಂದಿಯಿಂದ ಹೊರಗಿನ ಕೆಸರುನೀರು ಒಳಗೆ ಹೋಗುತ್ತದೆ. ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದವನ ಮನೆ ಕಥೆ ಇದು.

ನೀರಿನಿಂದ ಬರುವ ಕಾಮಾಲೆ ನಮ್ಮಲ್ಲಿ ಹೆಚ್ಚಾಗಿ ಹೆಪಟೈಟಿಸ್ ಎ ಮತ್ತು ಇ. ಎರಡೂ ಮನುಷ್ಯರ ಮಲದಿಂದ ನೀರಿಗೆ ಸೇರುವಂಥವು. ಹಾಗಾಗಿ ಮೇಲಿನ ಮನೆಗಳ ಪಾಯಿಖಾನೆ ಗುಂಡಿ ಎಲ್ಲಿದೆ ಅಂತಲೂ ನೋಡಿ. ವೈರಸ್ ಹೊಟ್ಟೆಗೆ ಹೋದ ಎಷ್ಟೋ ವಾರದ ಮೇಲೆ ಕಣ್ಣು ಹಳದಿಯಾಗುತ್ತದೆ. ಅಷ್ಟರಲ್ಲಿ ನೀರಿನ ನೆನಪು ಯಾರಿಗಿರುತ್ತದೆ?

ಅತ್ತೆಗೆ ಕಣ್ಣಲ್ಲೇ ತೋರಿಸಬೇಕಾದರೆ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ‘ಎಚ್‌ಟುಎಸ್ ಬಾಟಲಿ’ ಕೇಳಿ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ನೀರಿಗೆ ಮಲ ಸೇರಿದ್ದರೆ ಸಾಮಾನ್ಯವಾಗಿ ಕಪ್ಪಾಗುತ್ತದೆ. ಕಪ್ಪಾಗಲಿಲ್ಲ ಅಂತ ಕುದಿಸುವುದು ಮಾತ್ರ ಬಿಡಬೇಡಿ, ವೈರಸ್ಸನ್ನು ಅದು ಹಿಡಿಯಲ್ಲ.

ಕುದಿಸುವುದು ಅಂದರೆ ಕೊತಕೊತ ಕುದಿಯಬೇಕು, ಹಾಗೇ ಒಂದು ನಿಮಿಷ ಬಿಡಬೇಕು. ಬಚ್ಚಲ ಹಂಡೆಯದ್ದು ಕಾದ ನೀರು, ಕುದಿದ ನೀರಲ್ಲ. ಇನ್ನು ಮದುವೆಮನೆಗಳಲ್ಲಿ ‘ಬಿಸಿನೀರು’ ಅಂತ ಕೊಡ್ತಾರಲ್ಲ, ಅರ್ಧ ತಣ್ಣೀರು ಬೆರೆಸಿದ್ದು, ಅದಕ್ಕಿಂತ ಮಜ್ಜಿಗೆ ಕೇಳುವ ಅಂದರೆ ಅದಕ್ಕೂ ಅದೇ ನೀರು! ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಲು ಬಿಡಿ. ತಂಬಿಗೆ ಅದ್ದಬೇಡಿ, ಬೆರಳೂ ಜೊತೆಗೆ ಅದ್ದುತ್ತದೆ. ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ.

ಪ್ರಶ್ನೆ: ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ನಮ್ಮ ಕಡೆ ಮುಷ್ಟಿ ಲೆಕ್ಕದಲ್ಲಿ ಎಸೆಯುತ್ತಾರೆ.
– ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು

ಉತ್ತರ: ಎಸೆದದ್ದು ತಳಕ್ಕೆ ಹೋಗಿ ಸುಣ್ಣವಾಗಿ ಕೂರುತ್ತದೆ ಮಾರಾಯ್ರೆ. 1,000 ಲೀಟರಿಗೆ ಸುಮಾರು 2.5 ಗ್ರಾಂ ಲೆಕ್ಕ. ಬಾವಿ 6 ಅಡಿ ಅಗಲ, ನೀರು 10 ಅಡಿ ಇದ್ದರೆ 8,000 ಲೀಟರ್ ಆಯಿತು, 20 ಗ್ರಾಂ ಸಾಕು. ನೀರು ಕದಡಿದ್ದರೆ ಜಾಸ್ತಿ ಬೇಕಾಗುತ್ತದೆ. ಬಕೆಟ್ಟಿನಲ್ಲಿ ಗಂಜಿಯಂತೆ ಕಲಸಿ, ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಮಾಡಿದರೆ ಯಾರಿಗೂ ತೊಂದರೆಯಿಲ್ಲ. ಬಾಯಿ ಬಿಚ್ಚಿಟ್ಟ ಹಳೇ ಚೀಲದ ಪೌಡರಿಗೆ ಶಕ್ತಿ ಇರಲ್ಲ, ಸುಮ್ನೆ ಹಾಕಿದ ಹಾಗೆ.

ಪ್ರಶ್ನೆ: ಆರ್‌ಒ ಮಷಿನ್ ತರೋಣವೇ?
– ಅವರೇ

ಉತ್ತರ: ಅದರ ಮುಖ್ಯ ಕೆಲಸ ನೀರಲ್ಲಿ ಕರಗಿದ ಉಪ್ಪು ತೆಗೆಯುವುದು. ನಮ್ಮ ಗುಡ್ಡದ ನೀರಲ್ಲಿ ಉಪ್ಪೆಲ್ಲಿದೆ? ಮೇಲಾಗಿ ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಬರಲ್ಲ. ಆ ದುಡ್ಡಲ್ಲಿ ಬಾವಿಗೆ ಎತ್ತರದ ಕಟ್ಟೆ ಕಟ್ಟಿಸಿ, ಸುತ್ತ ಸಿಮೆಂಟ್ ಹಾಕಿಸಿ. ಗೊಬ್ಬರಗುಂಡಿ 50 ಅಡಿಗಿಂತ ಹತ್ತಿರ ಇದ್ದರೆ ಮೊದಲು ಅದನ್ನು ದೂರ ಸಾಗಿಸಿ.